ಹೊಸ ಕಾಲದ ನೀರುಗಂಟಿ

(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ಪರಿಸರ ವಿಜ್ಞಾನಿಯ ಕೆಲಸವನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ನಮ್ಮ ಕಾರ್ಯದರ್ಶಿಗಳು ನನಗೆ ಅಪ್ಪಣೆ ಮಾಡಿದ್ದಾರೆ. ನಾನು ವಿಜ್ಞಾನಿಯಲ್ಲ, ಬಿ.ಕಾಂ. ಮುಗಿಸಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿದವನು. ಜಮಾ ಖರ್ಚು ನನ್ನ ವಿದ್ಯೆ, ಕಾಗದ ಪತ್ರ ನನ್ನ ಪ್ರಪಂಚ. ಅಂಥವನು ಈ ವಿಷಯಕ್ಕೆ ಕೈಹಾಕುವುದು ಉದ್ಧಟತನವೆಂದು ತಮಗೆ ತೋರಬಹುದು. ಆದರೆ ನನ್ನನ್ನು ಈ ವಿಷಯಕ್ಕೆ ಎಳೆದು ತಂದದ್ದು ಒಂದು ಗೃಹಸಾಲದ ಕಡತ. ಅದನ್ನು ಮೊದಲು ಹೇಳಿಬಿಡುತ್ತೇನೆ.

ಕೆಲವು ವರ್ಷಗಳ ಹಿಂದೆ ಕಲಬುರಗಿ ಕಡೆಯ ಒಂದು ಸಂಸಾರ ಮನೆ ಕಟ್ಟಿಸಲು ಸಾಲ ಕೇಳಿಕೊಂಡು ನಾನಿದ್ದ ಶಾಖೆಗೆ ಬಂದಿತು. ಕನ್ನಡದವರೆಂದು ನನ್ನ ಮೇಜಿನ ಬಳಿಗೇ ಬಂದರು. ಕ್ರಯಪತ್ರ ಸರಿಯಾಗಿತ್ತು, ವಕೀಲರ ಅಭಿಪ್ರಾಯ ಸರಿಯಾಗಿತ್ತು, ಮೌಲ್ಯಮಾಪಕರ ವರದಿ ಸರಿಯಾಗಿತ್ತು. ಪಟ್ಟಿಯಲ್ಲಿದ್ದ ಒಂದೊಂದು ಅಂಶಕ್ಕೂ ಗುರುತು ಹಾಕಿ ಕಡತವನ್ನು ಮೇಲಕ್ಕೆ ಕಳುಹಿಸಿದೆ. ಸಾಲ ಮಂಜೂರಾಯಿತು, ಮನೆ ಎದ್ದಿತು, ಗೃಹಪ್ರವೇಶದ ಹೋಳಿಗೆಯನ್ನೂ ಉಂಡು ಬಂದೆ.

2020ರ ಅಕ್ಟೋಬರ್ 13ರ ರಾತ್ರಿಯ ಮಳೆಯನ್ನು ಈ ಊರಿನವರು ಯಾರೂ ಮರೆತಿರಲಾರರು. ಎರಡು ದಿನದ ಮೇಲೆ ಊಟದ ಪೊಟ್ಟಣ ಹಿಡಿದುಕೊಂಡು ಆ ಬಡಾವಣೆಗೆ ಹೋದೆ. ನೆಲ ಅಂತಸ್ತಿನ ಗೋಡೆಯ ಮೇಲೆ ನೀರು ನಿಂತ ಗೆರೆ ನನ್ನ ಎದೆಯ ಮಟ್ಟಕ್ಕಿತ್ತು. ಓಣಿಯ ಕೊನೆಯಲ್ಲಿ ನಿಂತಿದ್ದ ಒಬ್ಬ ವೃದ್ಧ ಗೌಳಿ ನಿಧಾನವಾಗಿ ಹೇಳಿದ: “ಇದು ಶಿಖಂ ಭೂಮಿ ಸಾರ್. ಕೆರೆ ತನ್ನ ಮನೆಗೆ ತಾನು ಬಂದಿದೆ.” ಶಿಖಂ ಎಂದರೆ ಕೆರೆಯ ಅಂಗಳ, ಮಳೆ ಕಡಮೆಯಾದ ವರ್ಷಗಳಲ್ಲಿ ಒಣಗಿ ಹೊಲದಂತೆ ಕಾಣುವ, ಕೆರೆ ತುಂಬಿದ ವರ್ಷ ಮುಳುಗುವ ನೆಲ. ಮನೆಯ ಯಜಮಾನರು ನನ್ನನ್ನು ಬಯ್ಯಲಿಲ್ಲ. “ಏನಪಾ, ಬ್ಯಾಂಕಿನೋರು ಎಲ್ಲಾ ನೋಡ್ಯಾರ ಅಂತ ನಾವು ಧೈರ್ಯ ಮಾಡಿದ್ವಿ” ಎಂದರು, ಅಷ್ಟೆ. ಆ ಸಾಲದ ಕಂತು ಇಂದಿಗೂ ತಿಂಗಳು ತಿಂಗಳು ಕಟ್ಟುತ್ತಿದ್ದಾರೆ.

ನಾವು ಎಲ್ಲವನ್ನೂ ನೋಡಿದ್ದೆವು. ನೆಲವನ್ನು ಮಾತ್ರ ನೋಡಿರಲಿಲ್ಲ. ನೆಲವನ್ನು ನೋಡುವುದಕ್ಕೆಂದೇ ಓದಿದ ಜನ ಇದ್ದಾರೆಂಬುದು ನನಗೆ ಆಗ ತಿಳಿಯಿತು. ಇದು ನಮಗೆ ಪರಕೀಯವಾದ ವೃತ್ತಿಯೇನೂ ಅಲ್ಲ. ನಮ್ಮ ಹಳ್ಳಿಗಳಲ್ಲಿ ನೀರುಗಂಟಿ ಎಂಬವನಿದ್ದನು. ಏರಿಯಲ್ಲಿ ಎಲ್ಲಿ ಬಿಲ ಬಿದ್ದಿದೆ, ತೂಬನ್ನು ಯಾವಾಗ ಎತ್ತಬೇಕು, ಕೋಡಿ ಎಂದು ಹರಿಯಬಹುದು, ಯಾರ ಗದ್ದೆಗೆ ಎಷ್ಟು ನೀರು ಎಂಬುದನ್ನೆಲ್ಲ ಬಲ್ಲವನು ಅವನು. ಗೌಡ ಶಾನುಭೋಗರು ಕಾಗದದಲ್ಲಿ ಏನೇ ಬರೆದಿರಲಿ, ನೀರಿನ ವಿಷಯದಲ್ಲಿ ಅವನ ಮಾತಿಗೆ ತೂಕವಿತ್ತು. ಪರಿಸರ ವಿಜ್ಞಾನಿಯನ್ನು ಹೊಸ ಕಾಲದ ನೀರುಗಂಟಿ ಎಂದು ನಾನು ತಿಳಿದಿದ್ದೇನೆ.

ಅವರ ಕೆಲಸವನ್ನು ಕಣ್ಣಾರೆ ಕಾಣುವ ಅವಕಾಶ ನನಗೆ ದೊರೆತದ್ದು ನನ್ನ ಚಿಕ್ಕಪ್ಪನ ಮಗಳಿಂದ. ಅವಳು ಪರಿಸರ ವಿಜ್ಞಾನ ಓದಿ, ಯೋಜನೆಗಳಿಗಾಗಿ ಸ್ಥಳ ಪರಿಶೀಲನೆ ಮಾಡುವ ಕೆಲಸದಲ್ಲಿದ್ದಾಳೆ. ಒಂದು ಭಾನುವಾರ ಬೆಳಕು ಹರಿಯುವ ಮುನ್ನ ಅವಳ ಜೊತೆ ಊರಾಚೆಯ ಒಂದು ಕೆರೆಗೆ ಹೋದೆ. ಮೊದಲು ಹಕ್ಕಿಗಳ ಎಣಿಕೆ. ಬಿಸಿಲೇರಿದರೆ ಅವು ಚದರಿಹೋಗುತ್ತವೆ. ಆಮೇಲೆ ಸೀಸೆಯಲ್ಲಿ ನೀರು ತುಂಬಿ, ಅದಕ್ಕೆ ದಡದಲ್ಲೇ ಔಷಧಿ ಹಾಕಿದಳು. “ಇಲ್ಲಿಯೇ ಹೀಗೆ ಹಿಡಿದಿಡದಿದ್ದರೆ, ಪ್ರಯೋಗಾಲಯ ಸೇರುವಷ್ಟರಲ್ಲಿ ನೀರಿನಲ್ಲಿ ಕರಗಿದ ಆಮ್ಲಜನಕದ ಲೆಕ್ಕ ತಪ್ಪಿಹೋಗುತ್ತದೆ ಅಣ್ಣ” ಎಂದಳು. ಬಳಿಕ ಹಗ್ಗದಿಂದ ನೆಲದ ಮೇಲೆ ಚೌಕ ಹಾಕಿ ಅದರೊಳಗಿನ ಗಿಡಗಳನ್ನು ಹೆಸರು ಹೆಸರಾಗಿ ಬರೆದುಕೊಂಡಳು. ಗಾಳಿಯ ದೂಳನ್ನು ಇಪ್ಪತ್ನಾಲ್ಕು ಗಂಟೆ ಹೀರಿ ಅಳೆಯುವ ಯಂತ್ರವೊಂದು ಹತ್ತಿರದ ಶಾಲೆಯ ಮಾಳಿಗೆಯ ಮೇಲೆ ಗುಂಯ್‌ಗುಟ್ಟುತ್ತಿತ್ತು. ಕೊನೆಗೆ ಎಮ್ಮೆ ಮೇಯಿಸುತ್ತಿದ್ದ ಮುದುಕನ ಬಳಿ ಕುಳಿತು ಅವಳು ಕೇಳಿದ ಪ್ರಶ್ನೆ ನನ್ನನ್ನು ಚುಚ್ಚಿತು: “ತಾತಾ, ಈ ಕೆರೆ ಕೋಡಿ ಬಿದ್ದದ್ದು ಕೊನೆಯ ಸಲ ಯಾವಾಗ? ನೀರು ಎಲ್ಲಿಯವರೆಗೆ ಬಂದಿತ್ತು?” ನನ್ನ ಪಟ್ಟಿಯಲ್ಲಿ ಇಲ್ಲದೆ ಹೋದ ಪ್ರಶ್ನೆ ಅದೇ ಆಗಿತ್ತು.

ಹೀಗೆ ಕೂಡಿಸಿದ ಲೆಕ್ಕ ಎಲ್ಲಿಗೆ ಹೋಗುತ್ತದೆ? ನಮ್ಮ ದೇಶದಲ್ಲಿ 1974ರ ಜಲ ಕಾಯಿದೆ, 1981ರ ವಾಯು ಕಾಯಿದೆಗಳ ಪ್ರಕಾರ ಕಾರ್ಖಾನೆಯವರು ಮಾಲಿನ್ಯ ನಿಯಂತ್ರಣ ಮಂಡಲಿಯಿಂದ ಸಾಮಾನ್ಯವಾಗಿ ಎರಡು ಸಲ ಸಮ್ಮತಿ ಪಡೆಯಬೇಕು, ಕಟ್ಟುವ ಮುಂಚೆ ಒಮ್ಮೆ, ನಡೆಸುವ ಮುಂಚೆ ಇನ್ನೊಮ್ಮೆ. ಇದಲ್ಲದೆ ದೊಡ್ಡ ಯೋಜನೆಗಳಿಗೆ ಪರಿಸರ ಅನುಮತಿ ಬೇಕು. ಅದರ ವಿಧಿಗಳನ್ನು ಮೊದಲು 1994ರಲ್ಲಿ, ಆಮೇಲೆ ತಿದ್ದಿ 2006ರಲ್ಲಿ ಭಾರತ ಸರ್ಕಾರ ಹೊರಡಿಸಿತು. ಈಗ ಇರುವ ಸ್ಥಿತಿ ಏನು, ಯೋಜನೆ ಬಂದರೆ ಆಗುವ ಬದಲಾವಣೆ ಏನು, ಅದನ್ನು ತಗ್ಗಿಸುವ ಉಪಾಯವೇನು ಎಂಬ ಮೂರು ಪ್ರಶ್ನೆಗಳಿಗೆ ವರದಿಯಲ್ಲಿ ಉತ್ತರ ಇರಬೇಕು. ಸಾಲ ಕೊಡುವ ಮುಂಚೆ ಆಸಾಮಿಯ ಆಸ್ತಿ ಎಷ್ಟು, ಋಣ ಎಷ್ಟು, ತೀರಿಸುವ ಶಕ್ತಿ ಎಷ್ಟು ಎಂದು ನಾವು ಕೇಳುವುದೂ ಇದೇ ಬಗೆಯದು.

ಅಳೆದು ಆಮೇಲೆ ಕಟ್ಟುವ ಈ ಧರ್ಮವನ್ನು ಹೈದರಾಬಾದಿಗೆ ಕಲಿಸಿದವರಲ್ಲಿ ಕನ್ನಡಿಗರೊಬ್ಬರು ಇದ್ದರೆಂಬುದು ನಮಗೆ ಅಭಿಮಾನದ ಸಂಗತಿ. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಸಾವಿರಾರು ಜನ ಸತ್ತರು. ಇಂದಿನ ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿರುವ ಹುಣಸೆಯ ಮರವನ್ನು ಏರಿ ಸುಮಾರು 150 ಮಂದಿ ಬದುಕಿಕೊಂಡರೆಂದು ಹೇಳುತ್ತಾರೆ. ಆಗ ಯೂರೋಪಿನ ಪ್ರವಾಸದಲ್ಲಿದ್ದ ಎಂ. ವಿಶ್ವೇಶ್ವರಯ್ಯನವರನ್ನು ನಿಜಾಮರ ಸರ್ಕಾರ ಬರಮಾಡಿಕೊಂಡಿತು. 1909ರಲ್ಲಿ ಬಂದ ಅವರು ಮೊದಲು ಗೋಡೆ ಕಟ್ಟಲಿಲ್ಲ, ಲೆಕ್ಕ ಕೂಡಿಸಿದರು. ಶಂಶಾಬಾದಿನಲ್ಲಿ ಒಂದೇ ದಿನಕ್ಕೆ 12.8 ಅಂಗುಲ ಮಳೆ ಬಿದ್ದಿತ್ತು. ನದಿಗೆ ನೀರು ಹರಿದು ಬರುವ ಪ್ರದೇಶದಲ್ಲಿ 788 ಕೆರೆಗಳಿದ್ದುವು. ಅವುಗಳಲ್ಲಿ 221 ಒಡೆದಿದ್ದುವು. ಒಂದು ಕೆರೆ ಒಡೆದು ಕೆಳಗಿನ ಕೆರೆಗೆ ನುಗ್ಗಿ, ಅದು ಅದರ ಕೆಳಗಿನದಕ್ಕೆ ನುಗ್ಗಿ ಪ್ರವಾಹ ಬೆಳೆಯಿತೆಂಬ ಕಾರಣ ಈ ಲೆಕ್ಕದಿಂದ ಹೊರಪಟ್ಟಿತು. ಅದರ ಫಲವಾಗಿ ಊರಿನ ಮೇಲ್ಗಡೆ ಮೂಸಿಗೆ 1920ರಲ್ಲಿ ಉಸ್ಮಾನ್ ಸಾಗರ, ಈಸಿಗೆ 1927ರಲ್ಲಿ ಹಿಮಾಯತ್ ಸಾಗರ ನಿರ್ಮಾಣವಾದುವು. ಪ್ರವಾಹವನ್ನು ತಡೆಯಲು ಕಟ್ಟಿದ ಈ ಜಲಾಶಯಗಳೇ ತಲೆಮಾರುಗಳ ಕಾಲ ಊರಿಗೆ ಕುಡಿಯುವ ನೀರನ್ನೂ ಕೊಟ್ಟುವು.

ಈಗ ಹಿಮಾಯತ್ ಸಾಗರದ ದಡದಲ್ಲಿ ನಡೆದ ಒಂದು ವ್ಯಾಜ್ಯವನ್ನು ಹೇಳುತ್ತೇನೆ. ಪರಿಸರ ವಿಜ್ಞಾನಿಗೆ ನಮ್ಮ ನ್ಯಾಯಾಲಯಗಳಲ್ಲಿ ಪೀಠ ದೊರೆತ ಕಥೆ ಅದು.

ಈ ಎರಡು ಜಲಾಶಯಗಳ ಸುತ್ತ 10 ಕಿಲೋಮೀಟರ್ ಒಳಗೆ ಮಾಲಿನ್ಯಕಾರಕ ಕಾರ್ಖಾನೆಗಳೂ ದೊಡ್ಡ ಹೋಟೆಲುಗಳೂ ವಸತಿ ಬಡಾವಣೆಗಳೂ ಬರಕೂಡದೆಂದು ಆಂಧ್ರ ಪ್ರದೇಶ ಸರ್ಕಾರ ಮೊದಲು 1994ರಲ್ಲಿ, ಆಮೇಲೆ 1996ರ ಮಾರ್ಚಿ 8ರಂದು ಆಜ್ಞೆ ಹೊರಡಿಸಿತು. ಎರಡನೆಯದೇ ಊರೆಲ್ಲ ಜಿ.ಓ. 111 ಎಂದು ಕರೆಯುವ ಆಜ್ಞೆ. ಅದರ ವ್ಯಾಪ್ತಿಗೆ 84 ಹಳ್ಳಿಗಳು ಬಂದುವು. ಅಷ್ಟರಲ್ಲಿ ಹರಳೆಣ್ಣೆಯಿಂದ ರಾಸಾಯನಿಕಗಳನ್ನು ತಯಾರಿಸುವ ಕಾರ್ಖಾನೆಯೊಂದು ಈ ಎಲ್ಲೆಯೊಳಗೆ ನೆಲ ಕೊಂಡಿತ್ತು. ಎಣ್ಣೆಯನ್ನು ಗಟ್ಟಿಗೊಳಿಸಲು ನಿಕ್ಕಲ್ ಬಳಸಬೇಕು. ಕೆಲಸ ಮುಗಿದ ನಿಕ್ಕಲ್ ಕಸವಾಗಿ ಉಳಿಯುತ್ತದೆ. ಮಾಲಿನ್ಯ ಮಂಡಲಿ ಸಮ್ಮತಿ ಕೊಡಲಿಲ್ಲ. ಕಾರ್ಖಾನೆಯವರು ಮೇಲ್ಮನವಿ ಪ್ರಾಧಿಕಾರಕ್ಕೆ ಹೋದರು. ಒಬ್ಬ ತಜ್ಞರ ಅಭಿಪ್ರಾಯವನ್ನು ಆಧಾರವಾಗಿಟ್ಟುಕೊಂಡು ಪ್ರಾಧಿಕಾರ ಅವರ ಪರವಾಗಿ ಹೇಳಿತು. ಹೈಕೋರ್ಟೂ ಅದನ್ನೇ ಎತ್ತಿ ಹಿಡಿಯಿತು. ಮಂಡಲಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿತು. ಪ್ರೊಫೆಸರ್ ಎಂ. ವಿ. ನಾಯುಡು ಪ್ರಕರಣವೆಂದು ಅದು ಕಾನೂನಿನ ಪುಸ್ತಕಗಳಲ್ಲಿ ಪ್ರಸಿದ್ಧವಾಗಿದೆ.

1999ರ ಜನವರಿ 27ರಂದು ನ್ಯಾಯಮೂರ್ತಿ ಎಂ. ಜಗನ್ನಾಥ ರಾವ್ ಅವರು ಬರೆದ ತೀರ್ಪಿನಲ್ಲಿ ಎರಡು ಮುಖ್ಯ ಮಾತುಗಳಿವೆ. ಮೊದಲನೆಯದು ವಿನಯದ ಮಾತು. ಇಂಥ ವಿಷಯಗಳಲ್ಲಿ ವಿಜ್ಞಾನಿಗಳ ಅಭಿಪ್ರಾಯಗಳೇ ಪರಸ್ಪರ ಭಿನ್ನವಾಗಿರುವಾಗ, ಕಾನೂನು ಮಾತ್ರ ಬಲ್ಲ ನ್ಯಾಯಾಧೀಶರು ಒಬ್ಬರೇ ಕುಳಿತು ತೀರ್ಮಾನಿಸುವುದು ಕಷ್ಟ. ಪೀಠದಲ್ಲಿಯೇ ಪರಿಸರ ವಿಜ್ಞಾನ ಬಲ್ಲವರೂ ಇರಬೇಕು ಎಂಬುದು ಅದರ ತಾತ್ಪರ್ಯ. ಎರಡನೆಯದು ನಾವು ಬ್ಯಾಂಕಿನವರು ಕೂಡಲೇ ಒಪ್ಪುವ ಮಾತು. ಕಾರ್ಖಾನೆಯಿಂದ ಹಾನಿಯಾಗುತ್ತದೆಂದು ಕೆರೆಯ ಪರವಾದವರು ರುಜುವಾತು ಮಾಡಬೇಕಾಗಿಲ್ಲ. ಹಾನಿಯಾಗುವುದಿಲ್ಲವೆಂದು ಕಾರ್ಖಾನೆಯವರೇ ರುಜುವಾತು ಮಾಡಬೇಕು. ನೋಡಿ, ಸಾಲ ಕೇಳಲು ಬಂದವರು “ನಾನು ತೀರಿಸುವುದಿಲ್ಲವೆಂದು ನೀವೇ ಸಾಬೀತು ಮಾಡಿ” ಎಂದರೆ ನಾವು ಕೊಡುತ್ತೇವೆಯೆ? ನೀರಿನ ವಿಷಯದಲ್ಲಿ ಮಾತ್ರ ಅಷ್ಟು ದಿನ ಹಾಗೆಯೇ ಕೊಡುತ್ತಿದ್ದೆವು.

ನ್ಯಾಯಾಲಯ ಆಮೇಲೆ ವಿಷಯವನ್ನು ತಜ್ಞ ಸಂಸ್ಥೆಗಳಿಗೆ ಒಪ್ಪಿಸಿತು. ನಮ್ಮ ಊರಿನದೇ ಆದ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯೂ ಅವುಗಳಲ್ಲೊಂದು. ಎಲ್ಲವನ್ನೂ ನೋಡಿ 2000ದ ಡಿಸೆಂಬರ್ 1ರಂದು ಕೊನೆಯ ತೀರ್ಪು ಬಂದಿತು: ಕಾರ್ಖಾನೆಗೆ ಅನುಮತಿಯಿಲ್ಲ. ಕುಡಿಯುವ ನೀರು ಜೀವಿಸುವ ಹಕ್ಕಿನ ಒಂದು ಭಾಗವೆಂದು ನ್ಯಾಯಾಲಯ ಸಾರಿತು. ಮುಂದೆ ಇದೇ ಜಗನ್ನಾಥ ರಾಯರು ಕಾನೂನು ಆಯೋಗದ ಅಧ್ಯಕ್ಷರಾಗಿ ಪರಿಸರ ನ್ಯಾಯಾಲಯಗಳು ಬೇಕೆಂದು 2003ರಲ್ಲಿ ವರದಿ ಕೊಟ್ಟರು. 2010ರ ಕಾಯಿದೆಯಿಂದ ರಾಷ್ಟ್ರೀಯ ಹಸಿರು ನ್ಯಾಯಮಂಡಲಿ ಹುಟ್ಟಿತು. ಅಲ್ಲಿ ನ್ಯಾಯಾಧೀಶರ ಪಕ್ಕದಲ್ಲಿ ತಜ್ಞ ಸದಸ್ಯರೂ ಕುಳಿತುಕೊಳ್ಳುತ್ತಾರೆ. ಇಷ್ಟಕ್ಕೂ ದಾರಿ ಮಾಡಿದ್ದು ವಿಶ್ವೇಶ್ವರಯ್ಯನವರ ಸಲಹೆಯಿಂದ ಮೂಡಿದ ಒಂದು ಜಲಾಶಯದ ದಡ.

ಮಹನೀಯರೆ, ಕಥೆ ಇಲ್ಲಿಗೇ ಶುಭವಾಗಿ ಮುಗಿಯಿತೆಂದರೆ ಸುಳ್ಳಾಗುತ್ತದೆ. 2022ರ ಏಪ್ರಿಲ್‌ನಲ್ಲಿ ತೆಲಂಗಾಣ ಸರ್ಕಾರ ಜಿ.ಓ. 69ನ್ನು ಹೊರಡಿಸಿ ಹಳೆಯ ನಿರ್ಬಂಧಗಳನ್ನು ಸಡಿಲಿಸಿತು. ಊರಿಗೆ ಕೃಷ್ಣಾ ಗೋದಾವರಿಗಳ ನೀರು ಬರುತ್ತಿರುವುದರಿಂದ ಈ ಜಲಾಶಯಗಳನ್ನು ನಾವು ಹೆಚ್ಚು ನೆಚ್ಚಿಲ್ಲ ಎಂಬುದು ಅದಕ್ಕೆ ಕೊಟ್ಟ ಕಾರಣ. ನಿರ್ಬಂಧದಿಂದ ಆ 84 ಹಳ್ಳಿಗಳ ರೈತರ ಭೂಮಿಗೆ ಬೆಲೆ ಬರಲಿಲ್ಲವೆಂಬ ದೂರಿನಲ್ಲಿಯೂ ಸತ್ಯವಿದೆ. ಊರಿನ ನೀರಿಗಾಗಿ ನಷ್ಟ ಸಹಿಸಿದವರಿಗೆ ಊರು ಏನು ಕೊಟ್ಟಿತೆಂದು ಕೇಳುವ ಹಕ್ಕು ಅವರಿಗಿದೆ. ಆದರೆ ಒಂದು ಮಾತು. ನಮ್ಮ ರಾಯಚೂರಿನ ಪಕ್ಕದಲ್ಲಿ ಹರಿದು ಬರುವ ಕೃಷ್ಣೆಯನ್ನು ದೂರದಿಂದ ಪಂಪುಗಳಿಂದ ಎತ್ತಿ ತರಬೇಕು. ಆ ಲೆಕ್ಕ ಕುಡಿಯುವ ನೀರಿನದು. ಜಲಾಶಯಗಳು ಹುಟ್ಟಿದ್ದು ಪ್ರವಾಹಕ್ಕಾಗಿ. 2025ರ ಸೆಪ್ಟೆಂಬರಿನ ಕೊನೆಯಲ್ಲಿ ಅವುಗಳ ಬಾಗಿಲು ತೆರೆದಾಗ ಮೂಸಿಯ ನೀರು ಮಹಾತ್ಮ ಗಾಂಧಿ ಬಸ್ ನಿಲ್ದಾಣದೊಳಕ್ಕೆ ನುಗ್ಗಿತು. ನಾವು ಊರಿಗೆ ಹೋಗಲು ಬೀದರ ಕಲಬುರಗಿಯ ಬಸ್ಸು ಹತ್ತುವ ಅದೇ ನಿಲ್ದಾಣ. ಆ ನೆಲದ ಮೇಲೆ ಸಿಮೆಂಟು ಹಾಸಿದರೆ ಇಂಗುವ ನೀರೂ ಹರಿದು ಬರುತ್ತದೆ. ನಲ್ಲಿಯ ನೀರು ಎಲ್ಲಿಂದ ಬಂದರೂ ಮಳೆಯ ನೀರು ಬರುವ ದಾರಿ ಒಂದೇ.

ಅನುಮತಿ ಕೊಡುವವರು ಎರಡು ಬಗೆಯಲ್ಲಿ ತಪ್ಪಬಹುದು. ಕೊಡಬಹುದಾದಲ್ಲಿ ಕೊಡದೆ ಹೋಗುವುದು ಒಂದು. ಕೊಡಬಾರದಲ್ಲಿ ಕೊಟ್ಟುಬಿಡುವುದು ಇನ್ನೊಂದು. ಮೊದಲನೆಯ ತಪ್ಪಾದರೆ ಒಬ್ಬರ ಲಾಭ ಹೋಗುತ್ತದೆ, ಕೆಲವರ ಕೆಲಸ ತಪ್ಪುತ್ತದೆ. ಅದೂ ಸಣ್ಣ ಮಾತಲ್ಲ. ಆದರೆ ಮುಂದಿನ ವರ್ಷ ತಿದ್ದಿಕೊಳ್ಳಬಹುದು. ಎರಡನೆಯದನ್ನು ತಿದ್ದಲು ಹೊರಟರೆ ಎಷ್ಟು ಕಷ್ಟವೆಂಬುದು ಹಾಳಾದ ನೆಲೆಯನ್ನು ಮತ್ತೆ ಜೀವಗೊಳಿಸುವವರನ್ನು ಕೇಳಿದರೆ ತಿಳಿಯುತ್ತದೆ. ಪರಿಸರ ವಿಜ್ಞಾನಿಯ ಇನ್ನೊಂದು ಕೆಲಸ ಅದೇ.

ಕೆರೆಯನ್ನು ಸರಿಪಡಿಸುವುದೆಂದರೆ ಹೂಳು ತೆಗೆದು, ಸುತ್ತ ಕಲ್ಲು ಕಟ್ಟಿ, ನಡೆದಾಡಲು ದಾರಿ ಮಾಡಿ, ದೀಪ ಹಾಕುವುದೆಂದು ನಾವು ತಿಳಿದಿದ್ದೇವೆ. ಹಾಗೆ ಮಾಡಿದರೆ ಅದು ತೊಟ್ಟಿಯಾಗುತ್ತದೆ, ಕೆರೆಯಾಗುವುದಿಲ್ಲ. ದಡ ಮೆಲ್ಲಗೆ ಇಳಿಜಾರಾಗಿದ್ದರೆ ಮಾತ್ರ ಉದ್ದಕಾಲಿನ ಹಕ್ಕಿಗಳು ನಿಂತು ಮೇಯಬಲ್ಲುವು. ಬಚ್ಚಲ ನೀರು ಬರುವುದನ್ನು ನಿಲ್ಲಿಸದೆ ಅಂತರಗಂಗೆಯನ್ನು ಎಷ್ಟು ಸಲ ಕಿತ್ತರೂ ಅದು ಮತ್ತೆ ಬರುತ್ತದೆ. ಆ ನೀರಿನ ಸಾರಜನಕ ರಂಜಕಗಳೇ ಅದಕ್ಕೆ ಗೊಬ್ಬರ. ಬೆಂಗಳೂರಿನ ಜಕ್ಕೂರು ಕೆರೆಯಲ್ಲಿ ಮಾಡಿದ ಏರ್ಪಾಡು ಇಲ್ಲಿ ನೆನೆಯತಕ್ಕದ್ದು. ಆರಂಭದಲ್ಲಿ ದಿನಕ್ಕೆ 1 ಕೋಟಿ ಲೀಟರ್ ಶುದ್ಧಿಮಾಡುವ ಸಾಮರ್ಥ್ಯದ ಘಟಕದಿಂದ ಹೊರಬಂದ ನೀರು ನೇರವಾಗಿ ಕೆರೆಗೆ ಬೀಳದೆ, ಜೊಂಡು ಬೆಳೆದ ಜೌಗುನೆಲವನ್ನು ಹಾದು ಹೋಗುವಂತೆ ಮಾಡಿದರು. ಘಟಕ ಬಿಟ್ಟ ಗೊಬ್ಬರದ ಅಂಶವನ್ನು ಜೊಂಡು ಹೀರಿಕೊಳ್ಳುತ್ತದೆ. ಆದರೆ ಘಟಕ ಕೆಟ್ಟರೆ, ಜೊಂಡನ್ನು ಕಾಲಕ್ಕೆ ಕೊಯ್ಯದಿದ್ದರೆ ಕೆರೆ ಮತ್ತೆ ಮೊದಲಿನಂತೆಯೇ. ಜೀರ್ಣೋದ್ಧಾರ ಒಂದು ದಿನದ ಉತ್ಸವವಲ್ಲ, ನಿತ್ಯಪೂಜೆ.

ನಮ್ಮ ಊರಿನ ಅಮೀನ್‌ಪುರ ಕೆರೆಯನ್ನೂ ಹೆಸರಿಸಬೇಕು. 2016ರಲ್ಲಿ ಅದನ್ನು ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಿದರು. ನಗರದ ಜಲಾಶಯವೊಂದಕ್ಕೆ ಭಾರತದಲ್ಲಿ ಆ ಗೌರವ ದೊರೆತದ್ದು ಅದೇ ಮೊದಲು. ಇನ್ನೊಂದು ಉದಾಹರಣೆ ದುಃಖದ್ದು. 2025ರ ಮಾರ್ಚಿ ಕೊನೆಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯದ ಮಗ್ಗುಲಿನ ಕಂಚ ಗಚ್ಚಿಬೌಲಿಯ 400 ಎಕರೆಯಲ್ಲಿ ಬುಲ್ಡೋಜರುಗಳು ಮರ ಕೆಡವತೊಡಗಿದುವು. ಏಪ್ರಿಲ್ 3ರಂದು ಸುಪ್ರೀಂ ಕೋರ್ಟು ತಡೆದಿತು. ಅದೇ ತಿಂಗಳು 16ರಂದು, ಹಾಳಾದ 100 ಎಕರೆಯನ್ನು ಮತ್ತೆ ಹೇಗೆ ಸರಿಪಡಿಸುವಿರಿ, ಯೋಜನೆ ತನ್ನಿ ಎಂದು ಸರ್ಕಾರವನ್ನು ಕೇಳಿತು. ಇದು ದಖ್ಖಣದ ಕುರುಚಲು ಕಾಡು. ಬಂಡೆ, ಹುಲ್ಲು, ಮಳೆಗಾಲದ ಗುಂಡಿ, ಬಾರೆ, ಬಂದರಿಕೆ, ಇವೆಲ್ಲ ಸೇರಿದ ನೆಲೆ. ಅಲ್ಲಿ ಸಾವಿರ ಸಸಿ ನೆಟ್ಟು ನೀರೆರೆದರೆ ತೋಪಾದೀತು. ನಕ್ಷತ್ರ ಆಮೆಗೆ ಮನೆಯಾಗುವುದಿಲ್ಲ. ಮೇಲ್ಮಣ್ಣಿನಲ್ಲಿ ಹುದುಗಿದ ಬೀಜಗಳು ತಾವಾಗಿ ಮೊಳೆಯಲು ಬಿಟ್ಟು, ಕಾವಲಿದ್ದು, ವರ್ಷಗಟ್ಟಲೆ ಕಾಯಬೇಕು. ಕೆಡವಲು ಬೇಕಾದದ್ದು ಮೂರು ನಾಲ್ಕು ರಾತ್ರಿ. ಕೋಟೆ ಕೊಳ್ಳೆ ಹೋದಮೇಲೆ ದಿಡ್ಡಿ ಬಾಗಿಲು ಹಾಕಿದಂತೆ ಎಂದು ನಮ್ಮ ಹಿರಿಯರು ಹೇಳುವುದು ಇದನ್ನೇ.

ವಿಜ್ಞಾನಿಗಳನ್ನು ಬರಿದೆ ಹೊಗಳಲು ನಾನು ನಿಂತಿಲ್ಲ. ಅವರ ವ್ಯವಸ್ಥೆಯಲ್ಲಿಯೂ ಲೋಪಗಳಿವೆ. ವರದಿ ಬರೆಯುವವರಿಗೆ ಸಂಬಳ ಕೊಡುವವನು ಅನುಮತಿ ಕೇಳುವವನೇ; ಸಾಲ ಕೇಳುವವನೇ ಮೌಲ್ಯಮಾಪಕನನ್ನು ನೇಮಿಸಿದಂತೆ. ಬಹುಪಾಲು ಯೋಜನೆಗಳಿಗೆ ಮಳೆಗಾಲ ಬಿಟ್ಟು ಒಂದು ಋತುವಿನ ಲೆಕ್ಕ ಸಾಕೆಂದು ನಿಯಮ ಹೇಳುತ್ತದೆ. ಬೇಸಗೆಯಲ್ಲಿ ಹೋಗಿ ನೋಡಿದರೆ ಶಿಖಂ ಭೂಮಿ ಹೊಲದಂತೆಯೇ ಕಾಣುತ್ತದಲ್ಲವೆ? ಇದನ್ನೇ ನನ್ನ ತಂಗಿಯನ್ನು ಕೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದಕ್ಕೇ ಅಣ್ಣ, ಎಮ್ಮೆ ಕಾಯುವ ತಾತನನ್ನೂ ಕೇಳಿ ಬರೆದುಕೊಳ್ಳುತ್ತೇನೆ. ಬರೆದದ್ದನ್ನು ಓದುವವರು ಇರಬೇಕು” ಎಂದಳು.

ಓದುವವರು ಎಂದರೆ ಯಾರು? ನಾವೇ. ಅನೇಕ ಯೋಜನೆಗಳಿಗೆ ಸಾರ್ವಜನಿಕ ವಿಚಾರಣೆ ನಡೆಯಬೇಕು. ಕಡೆಯ ಪಕ್ಷ 30 ದಿನ ಮುಂಚೆ ಪತ್ರಿಕೆಗಳಲ್ಲಿ ಪ್ರಕಟಣೆ ಬರುತ್ತದೆ. ನಾವು ಅದೇ ಹಾಳೆಯಲ್ಲಿ ನಿವೇಶನದ ಜಾಹೀರಾತನ್ನು ಓದಿ ಮಡಿಸಿಡುತ್ತೇವೆ. ಆ ಪ್ರಕಟಣೆಯನ್ನೂ ಓದೋಣ. ವಿಚಾರಣೆಗೆ ಹೋಗಿ, ತೆಲುಗೋ ಕನ್ನಡವೋ ಬಂದ ಭಾಷೆಯಲ್ಲಿ ಒಂದು ಪ್ರಶ್ನೆ ಕೇಳೋಣ. ನಿವೇಶನ ಕೊಳ್ಳುವ ಮುಂಚೆ ಕೆರೆಯ ಪೂರ್ಣ ಜಲಮಟ್ಟದ ಗೆರೆ ಎಲ್ಲಿದೆಯೆಂದು ನಕ್ಷೆಯಲ್ಲಿ ನೋಡೋಣ. ಒಂದು ಸಲ ಮಳೆಗಾಲದಲ್ಲಿ ಆ ನೆಲದ ಮೇಲೆ ನಿಂತು ಬರೋಣ. ಹಳಬರೊಬ್ಬರನ್ನು ಹುಡುಕಿ, ಕೆರೆ ಕೋಡಿ ಬಿದ್ದದ್ದು ಯಾವಾಗ ಎಂದು ಕೇಳೋಣ. ನಾನಂತೂ ಆ ಪ್ರಶ್ನೆಯನ್ನು ನನ್ನ ಪಟ್ಟಿಯ ಕೆಳಗೆ ಕೈಯಿಂದ ಬರೆದುಕೊಂಡಿದ್ದೇನೆ. ಗೃಹಸಾಲಕ್ಕೆ ಬಂದವರನ್ನೆಲ್ಲ ಕೇಳುತ್ತೇನೆ. ಕೆಲವರು ನಗುತ್ತಾರೆ, ಇಬ್ಬರು ಮಾತ್ರ ಹಿಂದಕ್ಕೆ ಹೋಗಿ ವಿಚಾರಿಸಿ ಬೇರೆ ಕಡೆ ನಿವೇಶನ ನೋಡಿಕೊಂಡರು.

1956ರ ನವೆಂಬರ್ 1ರಂದು ಬೀದರ, ಗುಲ್ಬರ್ಗ, ರಾಯಚೂರುಗಳು ಹೈದರಾಬಾದ್ ರಾಜ್ಯದಿಂದ ಬೇರೆಯಾಗಿ ಮೈಸೂರು ರಾಜ್ಯಕ್ಕೆ ಸೇರಿದುವು. ನಮ್ಮಲ್ಲಿ ಕೆಲವರ ಹಿರಿಯರು ಇಲ್ಲಿಯೇ ಉಳಿದರು; ನನ್ನಂಥವರು ಉದ್ಯೋಗಕ್ಕಾಗಿ ಆಮೇಲೆ ಬಂದೆವು. ಎಲ್ಲರೂ ಕುಡಿಯುತ್ತಿರುವುದು ಈ ಊರಿನ ನೀರು. ರಾಜ್ಯೋತ್ಸವದ ದಿನ ವಿಶ್ವೇಶ್ವರಯ್ಯನವರ ಪಟಕ್ಕೆ ಹಾರ ಹಾಕುತ್ತೇವೆ. ಅವರ ಲೆಕ್ಕದಿಂದ ಹುಟ್ಟಿದ ಜಲಾಶಯಗಳು ಇನ್ನೊಂದು ನೂರು ವರ್ಷ ಉಳಿಯುವಂತೆ ನಮ್ಮ ಪಾಲಿನ ಕಾವಲು ಕಾದರೆ ಆ ಹಾರ ಸಾರ್ಥಕವಾದೀತು.